ಗಾಳಿಯನ್ನು ಹಿಡಿದಿಡುವ ಕಪ್ಪು ಗೆರೆ

ಜನವರಿಯ ಒಂದು ಬೆಳಗು. ಗುರುಗ್ರಾಮದ ಬಹುಮಹಡಿ ಕಟ್ಟಡವೊಂದರ ಹನ್ನೊಂದನೆಯ ಮಹಡಿ. ಹೊರಗೆ ಮಂಜು ಕವಿದಿದೆ. ದೆಹಲಿಯ ಸೀಮೆಯಲ್ಲಿ ಅದೇನೂ ಹೊಸತಲ್ಲ. ಆದರೆ ಬಾಲ್ಕನಿ ಕಡೆಯ ಜೋಡಿ ಗಾಜಿನ ಕಿಟಕಿಯಲ್ಲೂ ಮಂಜು ಕೂತಿದೆ. ಮನೆಯಾಕೆ ಒಳಗಿನಿಂದ ಒರೆಸುತ್ತಾಳೆ, ಹೋಗುವುದಿಲ್ಲ. ಬಾಲ್ಕನಿಗೆ ಹೋಗಿ ಹೊರಗಿನಿಂದ ಒರೆಸುತ್ತಾಳೆ, ಆಗಲೂ ಹೋಗುವುದಿಲ್ಲ. ತೇವ ಇರುವುದು ಎರಡು ಗಾಜುಗಳ ನಡುವೆ, ಯಾವ ಕೈಯೂ ತಲುಪದ ಜಾಗದಲ್ಲಿ. ಗಾಜು ಒಡೆದಿಲ್ಲ, ಬಿರುಕಿಲ್ಲ, ಚೌಕಟ್ಟಿನಲ್ಲಿ ಸಂದಿಯೂ ಕಾಣುವುದಿಲ್ಲ. ಕಣ್ಣಿಗೆ ಬೀಳುವುದು ಒಂದೇ ವಿಚಿತ್ರ: ಗಾಜಿನ ಅಂಚಿಗೆ ನೇರವಾಗಿ ಎಳೆದಂತಿರಬೇಕಾದ ತೆಳು ಕಪ್ಪು ಗೆರೆ ಒಂದು ಮೂಲೆಯಲ್ಲಿ ಅತ್ತ ಕಣ್ಣಿನ ಕಾಡಿಗೆಯ ಹಾಗೆ ಇಳಿದುಬಂದಿದೆ.

ಇಂಥ ಕಿಟಕಿಯನ್ನು ನೋಡಿದವರು ಈ ಸಭೆಯಲ್ಲೂ ಕೆಲವರಿರಬೇಕು. ದ್ವಾರಕಾ, ನೋಯ್ಡಾ, ಗುರುಗ್ರಾಮಗಳ ಗಾಜಿನ ಕಟ್ಟಡಗಳಲ್ಲಿ ದುಡಿಯುವ, ಬದುಕುವ ಕನ್ನಡಿಗರು ಕಡಿಮೆಯಿಲ್ಲ. ಆ ಕಪ್ಪು ಗೆರೆಯೇ ಇಂದಿನ ದತ್ತಿ ಉಪನ್ಯಾಸದ ವಿಷಯ. ಅದರ ಹೆಸರು ಬ್ಯೂಟೈಲ್.

ವಿಷಯಕ್ಕೆ ಹೋಗುವ ಮೊದಲು ಒಂದು ಮಾತನ್ನು ಬಿಡಿಸಿಕೊಳ್ಳಬೇಕು. ‘ಸೀಲ್’ ಎನ್ನುವ ಪದವನ್ನು ಕನ್ನಡಿಗರು ಎರಡು ಅರ್ಥದಲ್ಲಿ ಬಳಸುತ್ತಾರೆ. ಕಚೇರಿಯ ಕಾಗದಕ್ಕೆ ಒತ್ತುವುದೂ ಸೀಲ್, ಕೊಳಾಯಿ ಸೋರದಂತೆ ಮಾಡುವುದೂ ಸೀಲ್. ಮೊದಲನೆಯದು ಮೊಹರು. 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಶುರುವಾಯಿತು. ಇಂದು ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಮತಪೆಟ್ಟಿಗೆಗಳಿಗೆ ಮೊಹರು ಹಾಕುವ ಅರಗನ್ನು ಮಾಡಿಕೊಟ್ಟ ಕಾರ್ಖಾನೆ ಅದು. 1962ರಿಂದ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯೂ ಅಲ್ಲಿಂದಲೇ ಬರುತ್ತಿದೆ. ಆ ಶಾಯಿಯ ಸೂತ್ರ ಹುಟ್ಟಿದ್ದು ದೆಹಲಿಯ ಪೂಸಾದಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ, ಅಂದರೆ ಎನ್‌ಪಿಎಲ್‌ನಲ್ಲಿ. ಅರಗಿನ ಮೊಹರು ಪೆಟ್ಟಿಗೆಯೊಳಕ್ಕೆ ಗಾಳಿ ಹೋಗುವುದನ್ನು ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಯಾರೂ ಕೈ ಹಾಕಿಲ್ಲ ಎಂದು ಸಾಕ್ಷಿ ಹೇಳಿದರೆ ಅದರ ಕೆಲಸ ಮುಗಿಯಿತು.

ಅದೇ 1937ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಸಂಶೋಧನಾ ವಿಭಾಗದ ರಾಬರ್ಟ್ ಥಾಮಸ್ ಮತ್ತು ವಿಲಿಯಂ ಸ್ಪಾರ್ಕ್ಸ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಎರಡನೆಯ ಬಗೆಯ ಸೀಲಿಗೆ ಹೇಳಿಮಾಡಿಸಿದ ಸರಕನ್ನು ಕಂಡುಹಿಡಿದರು. ಮೈಸೂರಿನ ಅರಗಿಗೂ ನ್ಯೂಜೆರ್ಸಿಯ ರಬ್ಬರಿಗೂ ಇಸವಿಯೊಂದನ್ನು ಬಿಟ್ಟರೆ ನಂಟಿಲ್ಲ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕ್ಷಿ ಯಾವುದು, ತಡೆ ಯಾವುದು ಎಂಬುದು ನಿಚ್ಚಳವಾಗುತ್ತದೆ.

ತಡೆಯುವುದು ಎಷ್ಟು ಕಷ್ಟ ಎಂಬುದಕ್ಕೆ ದೆಹಲಿಯಲ್ಲೇ ದೊಡ್ಡ ನಿದರ್ಶನವಿದೆ. 1950ರ ಜನವರಿ 24ರಂದು ಸಂವಿಧಾನ ಸಭೆಯ ಸದಸ್ಯರು ಭಾರತ ಸಂವಿಧಾನದ ಕೈಬರಹದ ಪ್ರತಿಗಳಿಗೆ ಸಹಿ ಹಾಕಿದರು. ಇಂಗ್ಲಿಷ್ ಪ್ರತಿಯನ್ನು ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಪುಟಗಳನ್ನು ಸಿಂಗರಿಸಿದವರು ನಂದಲಾಲ್ ಬೋಸ್ ಮತ್ತು ಅವರ ಶಾಂತಿನಿಕೇತನದ ಬಳಗ. ಆ ಸಹಿಗೆ ಮೂರು ದಿನ ಮೊದಲು, ಜನವರಿ 21ರಂದು, ಸರ್ದಾರ್ ಪಟೇಲರು ಎನ್‌ಪಿಎಲ್‌ನ ಕಟ್ಟಡವನ್ನು ಉದ್ಘಾಟಿಸಿದ್ದರು. ನಾಲ್ಕು ದಶಕ ಕಳೆದ ಮೇಲೆ ಆ ಪುಸ್ತಕವನ್ನು ಕಾಪಾಡುವ ಹೊಣೆ ಆ ಪ್ರಯೋಗಾಲಯದ ಹೆಗಲಿಗೆ ಬಿತ್ತು. ಹಾಳೆಗೂ ಶಾಯಿಗೂ ಬಣ್ಣಕ್ಕೂ ವೈರಿ ಆಮ್ಲಜನಕ. ಅದನ್ನು ಹೊರಗಿಡಬೇಕಾದರೆ ಪೆಟ್ಟಿಗೆಯೊಳಗೆ ನೈಟ್ರೋಜನ್ ತುಂಬಬೇಕು, ತುಂಬಿದ್ದು ವರ್ಷಗಟ್ಟಲೆ ಅಲ್ಲೇ ಉಳಿಯಬೇಕು. ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆ ಈಜಿಪ್ಟಿನ ರಾಜ ಮಮ್ಮಿಗಳಿಗಾಗಿ ಅಂಥದೊಂದು ಪೆಟ್ಟಿಗೆಯನ್ನು ರೂಪಿಸಿತ್ತು. ಎನ್‌ಪಿಎಲ್ ಮತ್ತು ಗೆಟ್ಟಿ ಕೈಜೋಡಿಸಿದ ಮೇಲೆ, 1994ರಲ್ಲಿ, ಸಂವಿಧಾನದ ಪ್ರತಿಗಳು ಸಂಸತ್ತಿನ ಗ್ರಂಥಾಲಯದಲ್ಲಿ ನೈಟ್ರೋಜನ್ ತುಂಬಿದ ಪೆಟ್ಟಿಗೆಗಳಲ್ಲಿ ನೆಲೆಗೊಂಡವು. ಇಡೀ ಗಣರಾಜ್ಯ ಮುಂದೆ ನಿಂತು ಕೇಳಿದರೂ ಗಾಳಿ ಆಡದ ಒಂದು ಪೆಟ್ಟಿಗೆ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ? ಸೋರಿಕೆ ಎಂದಕೂಡಲೇ ಎಲ್ಲರೂ ಸಂದಿಯನ್ನು ಹುಡುಕುತ್ತಾರೆ. ಮುಚ್ಚಳ ಸರಿಯಾಗಿ ಕೂತಿಲ್ಲ, ವಾಷರ್ ಸವೆದಿದೆ, ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ ಎಂದು ಎಂ-ಸೀಲ್ ಹಚ್ಚುತ್ತಾರೆ. ಅದು ಸೋರಿಕೆಯ ಮೊದಲ ದಾರಿ, ಅದನ್ನು ಮುಚ್ಚಬಹುದು. ಎರಡನೆಯ ದಾರಿ ಮುಚ್ಚುವ ವಸ್ತುವಿನ ಮೈಯೊಳಗಿಂದಲೇ ಹಾದುಹೋಗುತ್ತದೆ. ರಬ್ಬರು ಕಣ್ಣಿಗೆ ಗಟ್ಟಿ. ಅನಿಲದ ಅಣುವಿಗೆ ಅದು ನೇತಾಡುವ ಎಳೆಗಳ ಪರದೆ. ಅಣು ಒಂದು ಕಡೆ ಕರಗಿ ಒಳಹೊಕ್ಕು, ಎಳೆಗಳು ಅಲುಗಾಡುವಾಗ ಬಿಡುವ ಎಡೆಯಿಂದ ಎಡೆಗೆ ಹಾರುತ್ತ ಇನ್ನೊಂದು ಕಡೆ ಹೊರಬೀಳುತ್ತದೆ. ಎಷ್ಟೇ ಬಿಗಿಯಾಗಿ ತಿರುಪು ಹಾಕಿದರೂ ಈ ದಾರಿ ಮುಚ್ಚುವುದಿಲ್ಲ. ಅದು ಅಗಲವೋ ಇಕ್ಕಟ್ಟೋ ಎಂಬುದನ್ನು ವಸ್ತುವೇ ತೀರ್ಮಾನಿಸುತ್ತದೆ.

ಇಲ್ಲಿ ಅಂಕಿಗಳು ಬೆರಗು ಹುಟ್ಟಿಸುತ್ತವೆ. ಒಂದೇ ದಪ್ಪದ ಹಾಳೆಗಳನ್ನು ಕೋಣೆಯ ಉಷ್ಣತೆಯಲ್ಲಿಟ್ಟು ಅಳೆದರೆ, ಬ್ಯೂಟೈಲ್ ರಬ್ಬರಿನ ಮೂಲಕ ಒಂದು ಪಾಲು ಆಮ್ಲಜನಕ ದಾಟುವ ಹೊತ್ತಿಗೆ ನೈಸರ್ಗಿಕ ರಬ್ಬರಿನ ಮೂಲಕ ಸುಮಾರು 18 ಪಾಲು ದಾಟಿರುತ್ತದೆ. ಸಿಲಿಕೋನ್ ರಬ್ಬರಿನ ಮೂಲಕ 400 ಪಾಲಿಗೂ ಹೆಚ್ಚು. ಅಂಗಡಿಯವನು ‘ಏ ಒನ್ ಸೀಲಿಂಗ್’ ಎಂದು ಹೊಗಳಿ ಕೊಡುವ ಸಿಲಿಕೋನ್ ನೀರನ್ನು ತಡೆಯುತ್ತದೆ, ಬಿಸಿಲಿಗೆ ಜಗ್ಗುವುದಿಲ್ಲ, ನಿಜ. ಅನಿಲದ ಮಟ್ಟಿಗೆ ಮಾತ್ರ ಅದು ಜರಡಿ. ಹಾಗೆಂದು ಅದು ಕಳಪೆಯಲ್ಲ. ಅಡುಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ ಸಿಲಿಕೋನಿನದಾದರೂ ಅನ್ನ ಚೆನ್ನಾಗಿಯೇ ಬೇಯುತ್ತದೆ, ಏಕೆಂದರೆ ಅಲ್ಲಿ ಹಬೆಯನ್ನು ಹಿಡಿದಿಡಬೇಕಾದದ್ದು ಇಪ್ಪತ್ತು ನಿಮಿಷ. ಕಿಟಕಿಯ ಗಾಜಿನಲ್ಲಿ ಇಪ್ಪತ್ತು ವರ್ಷ. ಕಾಲ ಲಂಬಿಸಿದಷ್ಟೂ ಎರಡನೆಯ ದಾರಿಯೇ ಮುಖ್ಯವಾಗುತ್ತ ಹೋಗುತ್ತದೆ.

ಬ್ಯೂಟೈಲಿಗೆ ಈ ಗುಣ ಬಂದದ್ದು ಅದರ ಅಣುವಿನ ಕಟ್ಟಿನಿಂದ. ಐಸೊಬ್ಯೂಟಿಲೀನ್ ಎಂಬ ಅನಿಲದ ಅಣುಗಳನ್ನು ಸಾವಿರಗಟ್ಟಲೆ ಪೋಣಿಸಿದರೆ ಸಿಗುವ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲದ ಮೇಲೆ ಎರಡೆರಡು ಮೀಥೈಲ್ ಗುಂಪುಗಳು ಕೂತಿರುತ್ತವೆ. ಸಂಜೆ ಆರರ ಹೊತ್ತಿಗೆ ರಾಜೀವ್ ಚೌಕ್ ಮೆಟ್ರೊ ನಿಲ್ದಾಣದಲ್ಲಿ ಪ್ರತಿಯೊಬ್ಬರೂ ಬೆನ್ನಿಗೊಂದು, ಎದೆಗೊಂದು ಚೀಲ ನೇತುಹಾಕಿಕೊಂಡು ನಿಂತಿರುವುದನ್ನು ನೆನೆಸಿಕೊಂಡರೆ ಸಾಕು. ಯಾರನ್ನೂ ಕಟ್ಟಿಹಾಕಿಲ್ಲ, ಗುಂಪು ಮೆಲ್ಲಗೆ ಹೊಯ್ದಾಡುತ್ತಲೇ ಇರುತ್ತದೆ. ಆದರೆ ನಡುವೆ ನುಸುಳಿ ಆಚೆ ಬಾಗಿಲು ಸೇರಬೇಕೆನ್ನುವವನ ಪಾಡು ಹೇಳತೀರದು. ಬ್ಯೂಟೈಲಿನೊಳಗೆ ಸಿಕ್ಕಿಬಿದ್ದ ಆಮ್ಲಜನಕದ ಅಣುವಿನದೂ ಅದೇ ಪಾಡು.

ಐಸೊಬ್ಯೂಟಿಲೀನನ್ನಷ್ಟೇ ಪೋಣಿಸುವುದು 1931ರಲ್ಲೇ ಜರ್ಮನರಿಗೆ ಗೊತ್ತಿತ್ತು. ಅದು ಅಂಟಂಟಾದ ವಸ್ತು, ಎಳೆದರೆ ಎಳೆದಷ್ಟೂ ಬರುತ್ತದೆ. ರಬ್ಬರಾಗಿ ನಿಲ್ಲಬೇಕಾದರೆ ಗಂಧಕ ಹಾಕಿ ಬೇಯಿಸಿ ಸರಪಳಿಗಳನ್ನು ಒಂದಕ್ಕೊಂದು ಹೆಣೆಯಬೇಕು. ಗಂಧಕಕ್ಕೆ ಹಿಡಿಯಲು ಜೋಡಿಬಂಧ ಬೇಕು. ಈ ಸರಪಳಿಯಲ್ಲಿ ಅದೇ ಇರಲಿಲ್ಲ. ಥಾಮಸ್ ಮತ್ತು ಸ್ಪಾರ್ಕ್ಸ್ ಮಾಡಿದ ಜಾಣತನವೆಂದರೆ ನೂರಕ್ಕೆ ಒಂದರಿಂದ ಮೂರರಷ್ಟು ಐಸೊಪ್ರೀನ್ ಬೆರೆಸಿದ್ದು. ನೈಸರ್ಗಿಕ ರಬ್ಬರಿನ ಮೂಲ ಕೊಂಡಿಯೂ ಐಸೊಪ್ರೀನೇ. ಅಲ್ಲಿ ಪ್ರತಿ ಕೊಂಡಿಯಲ್ಲೂ ಜೋಡಿಬಂಧವಿದ್ದರೆ ಇಲ್ಲಿ ಸಾಂಬಾರಿಗೆ ಇಂಗು ಹಾಕಿದಷ್ಟು. ಹೆಣೆಯಲು ಅಷ್ಟೇ ಸಾಕು. ಜೋಡಿಬಂಧ ಕಡಿಮೆಯಾದ್ದರಿಂದ ಇನ್ನೊಂದು ಲಾಭವೂ ಬಂತು: ಓಜೋನ್ ಅನಿಲ ರಬ್ಬರನ್ನು ಕಡಿಯುವುದು ಆ ಜೋಡಿಬಂಧಗಳನ್ನೇ. ಬೇಸಿಗೆಯ ದೆಹಲಿಯಲ್ಲಿ ವಾಹನದ ಹೊಗೆಯೂ ಸುಡುಬಿಸಿಲೂ ಸೇರಿ ನೆಲಮಟ್ಟದಲ್ಲೇ ಓಜೋನ್ ಹುಟ್ಟುತ್ತದೆ. ಎಳೆದು ಕೂರಿಸಿದ ಸಾಮಾನ್ಯ ರಬ್ಬರ್ ಪಟ್ಟಿ ಅಂಥ ಗಾಳಿಯಲ್ಲಿ ಅಡ್ಡಡ್ಡ ಸೀಳುತ್ತದೆ. ಬ್ಯೂಟೈಲಿನಲ್ಲಿ ಓಜೋನಿಗೆ ಕಡಿಯಲು ಸಿಗುವುದೇ ಅಪರೂಪ.

ತಯಾರಿಕೆ ಮಾತ್ರ ವಿಲಕ್ಷಣ. ರಬ್ಬರ್ ಎಂದರೆ ಉರಿಯುವ ಕುಲುಮೆ, ಗಂಧಕದ ನಾತ ಎಂದುಕೊಂಡವರು ಇಲ್ಲಿ ಚಳಿಗೆ ನಡುಗಬೇಕು. ಸೊನ್ನೆಗಿಂತ ಕೆಳಗೆ ಸುಮಾರು 90ರಿಂದ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೀಥೈಲ್ ಕ್ಲೋರೈಡ್ ದ್ರವದಲ್ಲಿ, ಅಲ್ಯುಮಿನಿಯಂ ಕ್ಲೋರೈಡಿನ ಚಿಟಿಕೆ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸರಪಳಿ ಬೆಳೆದು ನಿಲ್ಲುತ್ತದೆ. ಅಷ್ಟು ತಣ್ಣಗಿಲ್ಲದಿದ್ದರೆ ಸರಪಳಿ ಉದ್ದ ಬೆಳೆಯದೆ ಮೊಟಕಾಗುತ್ತದೆ. 1942ರಲ್ಲಿ ಮಲಯ ಮತ್ತು ಜಾವಾ ಜಪಾನಿನ ವಶವಾಗಿ ನೈಸರ್ಗಿಕ ರಬ್ಬರಿನ ದಾರಿ ಕಟ್ಟಿಹೋದಾಗ ಅಮೆರಿಕ ಈ ಹೊಸ ರಬ್ಬರಿಗೆ ಮುಗಿಬಿತ್ತು. 1943ರಲ್ಲಿ ಬ್ಯಾಟನ್ ರೂಜ್‌ನಲ್ಲಿ ಕಾರ್ಖಾನೆ ಓಡತೊಡಗಿತು. ಮೊದಲ ದೊಡ್ಡ ಬಳಕೆ ಟಯರಿನೊಳಗಿನ ಟ್ಯೂಬಿಗೆ.

ಟ್ಯೂಬಿನ ಮಾತು ಬಂದ ಮೇಲೆ ಝಂಡೇವಾಲಾನ್‌ನ ಸೈಕಲ್ ಮಾರುಕಟ್ಟೆಯನ್ನು ದಾಟಿ ಹೋಗಲಾಗದು. ಸೈಕಲ್ ತುಳಿದು ಶಾಲೆಗೆ ಹೋದ ತಲೆಮಾರಿಗೆ ಗೊತ್ತಿರುವಂತೆ, ಪಂಚರ್ ಆಗದಿದ್ದರೂ ಹಳೆಯ ಟ್ಯೂಬು ಕೆಲವೇ ದಿನಗಳಲ್ಲಿ ಮೆತ್ತಗಾಗುತ್ತಿತ್ತು. ಪಂಪ್ ಹಿಡಿದು ಉಸ್ಸೆನ್ನುತ್ತ ಗಾಳಿ ಹೊಡೆಯುವುದು ಭಾನುವಾರದ ಕೆಲಸ. ವಾಲ್‌ಟ್ಯೂಬನ್ನು ಬೈದು ಬದಲಿಸಿದವರೇ ಹೆಚ್ಚು. ಗಾಳಿ ಟ್ಯೂಬಿನ ಮೈಯಿಂದಲೇ ಹೋಗುತ್ತಿದೆ ಎಂದು ಅನುಮಾನಪಟ್ಟವರು ಕಡಿಮೆ. ಬ್ಯೂಟೈಲ್ ಟ್ಯೂಬು ಬಂದ ಮೇಲೆ ಆ ಪಂಪ್ ಅಟ್ಟ ಸೇರಿತು. ಆದರೆ ಪಂಚರ್ ಅಂಗಡಿಯವನಿಗೆ ಹೊಸ ತಲೆನೋವು ಶುರುವಾಯಿತು: ಹಳೆಯ ಸಲ್ಯೂಷನ್ ಹಚ್ಚಿ ಅಂಟಿಸಿದ ಪ್ಯಾಚು ಈ ಟ್ಯೂಬಿಗೆ ಸರಿಯಾಗಿ ಕಚ್ಚಿಕೊಳ್ಳದು. ಜೋಡಿಬಂಧ ಕಡಿಮೆಯಾಗಿದ್ದರ ಫಲವೇ ಅದೂ. ಓಜೋನನ್ನು ದೂರವಿಟ್ಟ ಗುಣ ಬೇರೆ ರಬ್ಬರುಗಳ ಸಂಗವನ್ನೂ ದೂರವಿಟ್ಟಿತು. ಕಾರ್ಖಾನೆಗಳಲ್ಲೂ ಇದೇ ಪಂಕ್ತಿಭೇದ: ಬ್ಯೂಟೈಲ್ ಕಲಸುವ ಯಂತ್ರದಲ್ಲಿ ನೈಸರ್ಗಿಕ ರಬ್ಬರಿನ ಚೂರು ಉಳಿದರೆ ಇಡೀ ಹದ ಕೆಡುತ್ತದೆ.

ಟ್ಯೂಬೇ ಇಲ್ಲದ ಟಯರಿನಲ್ಲಿ ಬ್ಯೂಟೈಲ್ ನೆಲೆಯೂರಬೇಕಾದರೆ ಈ ಜಗಳ ಬಗೆಹರಿಯಬೇಕಿತ್ತು. ಗಾಳಿ ಹಿಡಿಯುವ ಬ್ಯೂಟೈಲ್ ಪದರ ಟಯರಿನ ಒಳಮೈಗೆ ಬೆಸೆದುಕೊಳ್ಳಬೇಕು, ಟಯರಿನ ಉಳಿದ ಭಾಗವೆಲ್ಲ ಬೇರೆ ರಬ್ಬರು. ಬ್ಯೂಟೈಲಿಗೆ ನೂರಕ್ಕೆ ಒಂದೆರಡರಷ್ಟು ಕ್ಲೋರಿನ್ ಅಥವಾ ಬ್ರೋಮಿನ್ ಸೇರಿಸಿದಾಗ ದಾರಿ ತೆರೆಯಿತು. 1960ರ ದಶಕದಿಂದ ಕ್ಲೋರೊಬ್ಯೂಟೈಲ್, ಬಳಿಕ ಬ್ರೊಮೊಬ್ಯೂಟೈಲ್ ಬಳಕೆಗೆ ಬಂದವು. ಇಂದು ಕಾರಿನ ಟಯರನ್ನು ರಿಮ್ಮಿನಿಂದ ಬಿಚ್ಚಿ ಒಳಗೆ ಕೈಯಾಡಿಸಿದರೆ ಸಿಗುವ ನುಣುಪಾದ ತೆಳು ಪದರ ಅದೇ. ಫರೀದಾಬಾದಿನ ಬಲ್ಲಭಗಢದಲ್ಲಿ ಗುಡ್‌ಇಯರ್ ಟಯರ್ ಮಾಡತೊಡಗಿದ್ದು 1961ರಲ್ಲಿ. ಬಹದ್ದೂರ್ ಶಾ ಜಫರ್ ಮಾರ್ಗದಲ್ಲಿ ಪ್ರಧಾನ ಕಚೇರಿಯಿರುವ ಜೆ.ಕೆ. ಟಯರ್ 1997ರಲ್ಲಿ ಮೈಸೂರಿನ ವಿಕ್ರಾಂತ್ ಟಯರ್ಸನ್ನು ವಹಿಸಿಕೊಂಡಿತು. ಹೀಗೆ ದೆಹಲಿಯ ರಸ್ತೆಯಲ್ಲಿ ಉರುಳುವ ಕೆಲವು ಚಕ್ರಗಳಿಗೆ ಮೈಸೂರಿನ ನಂಟೂ ಉಂಟು. ಟಯರ್ ಕಾರ್ಖಾನೆಯೊಳಗೆ ಬ್ಯೂಟೈಲ್ ತೆರೆಮರೆಯಲ್ಲೂ ದುಡಿಯುತ್ತದೆ: ಹಸಿ ಟಯರನ್ನು ಅಚ್ಚಿನೊಳಗಿಟ್ಟು ಒಳಗಿನಿಂದ ಬಿಸಿ ಹಬೆ ತುಂಬಿ ಉಬ್ಬಿಸುವ ದಪ್ಪ ಚೀಲ ಬ್ಯೂಟೈಲಿನದು. ಸುಡುವ ಹಬೆಗೆ ಮತ್ತೆ ಮತ್ತೆ ಉಬ್ಬಿ ಇಳಿದೂ ಅದು ಬಾಳುತ್ತದೆ.

ಒಂದು ಅಡ್ಡಮಾತು. ದೆಹಲಿಯ ಪೆಟ್ರೋಲ್ ಬಂಕುಗಳಲ್ಲಿ ಟಯರಿಗೆ ನೈಟ್ರೋಜನ್ ತುಂಬಿಸಿ ಚಕ್ರಕ್ಕಿಷ್ಟೆಂದು ದುಡ್ಡು ಕೇಳುತ್ತಾರೆ. ರಬ್ಬರಿನ ಮೂಲಕ ನೈಟ್ರೋಜನ್ ಆಮ್ಲಜನಕಕ್ಕಿಂತ ನಿಧಾನವಾಗಿ ಸೋರುತ್ತದೆ ಎನ್ನುವುದು ದಿಟ. ಆದರೆ ಪುಕ್ಕಟೆ ಸಿಗುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ, ಒಳಪದರವೂ ಬ್ಯೂಟೈಲಿನದು. ಕೊಟ್ಟ ದುಡ್ಡಿಗೆ ಸಿಗುವ ಹೆಚ್ಚಳ ಎಷ್ಟೆಂದು ಕೇಳುಗರೇ ಲೆಕ್ಕ ಹಾಕಬಹುದು.

ಬ್ಯೂಟೈಲಿನ ಇನ್ನೊಂದು ಗುಣವನ್ನು ನೋಡಲು ಶಾಲೆಯ ಮೇಜೇ ಸಾಕು. ಒಂದೇ ಗಾತ್ರದ ಎರಡು ಕರಿ ಚೆಂಡು. ಒಂದು ನೈಸರ್ಗಿಕ ರಬ್ಬರಿನದು, ಇನ್ನೊಂದು ಬ್ಯೂಟೈಲಿನದು. ಒಂದೇ ಎತ್ತರದಿಂದ ಬಿಟ್ಟರೆ ಮೊದಲನೆಯದು ಪುಟಿದು ಕೈಗೆ ಬರುತ್ತದೆ, ಎರಡನೆಯದು ಸಗಣಿ ಉಂಡೆಯಂತೆ ಬಿದ್ದಲ್ಲೇ ಬೀಳುತ್ತದೆ. ಅದನ್ನೇ ಕುದಿನೀರಿನಲ್ಲಿ ಅದ್ದಿ ತೆಗೆದು ಬಿಟ್ಟರೆ ಪುಟಿಯುತ್ತದೆ! ಒತ್ತೊತ್ತಾಗಿ ನಿಂತ ಮೀಥೈಲ್ ಗುಂಪುಗಳು ಸರಪಳಿ ಸರಕ್ಕನೆ ಹಿಂದಿರುಗದಂತೆ ತಡೆಯುತ್ತವೆ. ಬಿದ್ದ ಬಲವೆಲ್ಲ ಒಳಗೇ ಉಜ್ಜಿ ಶಾಖವಾಗುತ್ತದೆ. ಕಾದಾಗ ಸರಪಳಿಗಳಿಗೆ ಚುರುಕು ಬರುತ್ತದೆ. ಕರೋಲ್ ಬಾಗ್‌ನ ಕಾರು ಅಲಂಕಾರದ ಅಂಗಡಿಗಳಲ್ಲಿ ಬಾಗಿಲಿನ ಒಳತಗಡಿಗೆ ಅಂಟಿಸುವ ‘ಡ್ಯಾಂಪಿಂಗ್ ಶೀಟ್’ ಇದೇ ಗುಣದ ವ್ಯಾಪಾರ. ತಗಡಿನ ನಡುಕವನ್ನು ಅದು ನುಂಗಿಕೊಳ್ಳುತ್ತದೆ, ಬಾಗಿಲು ಹಾಕಿದರೆ ‘ಟಣ್’ ಎನ್ನುವ ಬದಲು ‘ಧಪ್’ ಎನ್ನುತ್ತದೆ.

ಈಗ ಗಾಜಿಗೆ ಮರಳಬಹುದು. ಇಂಧನ ದಕ್ಷತಾ ಬ್ಯೂರೋ ಕಟ್ಟಡಗಳ ಇಂಧನ ಸಂಹಿತೆಯನ್ನು ಹೊರತಂದದ್ದು 2007ರಲ್ಲಿ. ಅದರ ಆಸುಪಾಸಿನಲ್ಲೇ ದೆಹಲಿ ಸುತ್ತಿನ ಗಾಜಿನ ಗೋಪುರಗಳಿಗೆ ಜೋಡಿ ಗಾಜು ಹೊಂದಿಸುವ ರೂಢಿಯೂ ಬಲಿಯಿತು. ಎರಡು ಗಾಜುಗಳ ನಡುವೆ ಅಲ್ಯುಮಿನಿಯಂನ ಟೊಳ್ಳು ಪಟ್ಟಿ. ಅದರ ಹೊಟ್ಟೆಯಲ್ಲಿ ತೇವ ಹೀರುವ ಪುಟ್ಟ ಗುಳಿಗೆಗಳು. ಗುಳಿಗೆಯ ರಂಧ್ರ ಎಷ್ಟು ಸೂಕ್ಷ್ಮವೆಂದರೆ ನೀರಿನ ಅಣು ಒಳಹೋಗುತ್ತದೆ, ನೈಟ್ರೋಜನ್ ಆಗಲಿ ಆರ್ಗಾನ್ ಆಗಲಿ ಹೋಗವು. ಪಟ್ಟಿಯ ಎರಡೂ ಮಗ್ಗುಲಿಗೆ ಬಿಸಿ ಬ್ಯೂಟೈಲನ್ನು ಸಣ್ಣ ಎಳೆಯಾಗಿ, ಮೂಲೆಯಲ್ಲೂ ತುಂಡಾಗದಂತೆ, ಹರಿಸಿ ಗಾಜಿನ ನಡುವೆ ಒತ್ತುತ್ತಾರೆ. ಇಲ್ಲಿ ಬಳಸುವುದು ಹೆಚ್ಚಾಗಿ ಐಸೊಪ್ರೀನ್ ಬೆರೆಸದ, ಹೆಣಿಗೆ ಇಲ್ಲದ ಮೂಲ ಸರಕನ್ನೇ. ಕಸುಬಿನವರು ಎಲ್ಲವನ್ನೂ ಬ್ಯೂಟೈಲ್ ಎಂದೇ ಕರೆಯುತ್ತಾರೆ. ಅದು ಕೊನೆಯವರೆಗೂ ಗಟ್ಟಿಯಾಗದೆ ಜಿಗುಟಾಗಿಯೇ ಇರುತ್ತದೆ. ಹಾಗಾಗಿ ಗಾಜು ಅಲುಗಿದರೂ ಬಿಡದೆ ಹಿಂಬಾಲಿಸುತ್ತದೆ, ಆದರೆ ಭಾರ ಹೊರಲಾರದು. ಭಾರ ಹೊರಲು ಅದರ ಹೊರಸುತ್ತಿಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನಿನ ಇನ್ನೊಂದು ಕಟ್ಟು. ಸಿಲಿಕೋನ್ ಗಾಜನ್ನು ಹಿಡಿಯುತ್ತದೆ, ಬ್ಯೂಟೈಲ್ ಅನಿಲವನ್ನು ತಡೆಯುತ್ತದೆ. ಜರಡಿಯಂಥ ಸಿಲಿಕೋನಿಗೆ ಈ ಮನೆಯಲ್ಲಿ ಕೆಲಸ ಸಿಕ್ಕಿದ್ದು ಬ್ಯೂಟೈಲ್ ಒಳಗೆ ಕಾವಲಿರುವುದರಿಂದ.

ದೆಹಲಿಯ ಹವೆ ಈ ಜೋಡಿಯನ್ನು ಚೆನ್ನಾಗಿಯೇ ಸತಾಯಿಸುತ್ತದೆ. 25 ಡಿಗ್ರಿಯಲ್ಲಿ ಮುಚ್ಚಿದ ಗಾಜು ಜೂನ್ ತಿಂಗಳ ಪಶ್ಚಿಮದ ಬಿಸಿಲಿಗೆ 65 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ನೂರಕ್ಕೆ 13ರಷ್ಟು ಏರಲು ನೋಡುತ್ತದೆ. ಗಾಜು ಹೊರಕ್ಕೆ ಉಬ್ಬುತ್ತದೆ. ಡಿಸೆಂಬರಿನ ರಾತ್ರಿ ಅದೇ ಗಾಜು ಒಳಕ್ಕೆ ಕುಗ್ಗುತ್ತದೆ. ವರ್ಷವಿಡೀ ಹೀಗೆ ಉಸಿರಾಡುವ ಗಾಜಿನ ಅಂಚಿನಲ್ಲಿ ಕಪ್ಪು ಎಳೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಎತ್ತರದ ಲೆಕ್ಕವೂ ಇದೆ. ದೆಹಲಿ ಸಮುದ್ರಮಟ್ಟದಿಂದ ಸುಮಾರು 216 ಮೀಟರ್, ಬೆಂಗಳೂರು ಸುಮಾರು 920. ಇಲ್ಲಿ ಮುಚ್ಚಿದ ಗಾಜನ್ನು ಲಾರಿಯಲ್ಲಿ ಅಲ್ಲಿಗೆ ಒಯ್ದರೆ ಹೊರಗಿನ ಒತ್ತಡ ನೂರಕ್ಕೆ ಎಂಟರಷ್ಟು ತಗ್ಗಿರುತ್ತದೆ. ಘಟ್ಟ ಹತ್ತಿದಾಗ ಚಿಪ್ಸ್ ಪೊಟ್ಟಣ ಉಬ್ಬುವುದನ್ನು ಕಂಡವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ.

ಗಾಜಿಯಾಬಾದಿನ ಕಡೆಗೆ ತಿರುಗಿದರೆ ಸೀಲಿನ ಎರಡೂ ಅರ್ಥಗಳು ಒಂದೇ ಕಡೆ ಸಿಗುತ್ತವೆ. ಅಲ್ಲಿನ ರಾಜನಗರದಲ್ಲಿ ಭಾರತೀಯ ಫಾರ್ಮಕೊಪಿಯ ಆಯೋಗದ ಕಚೇರಿಯಿದೆ. ದೇಶದ ಔಷಧಗಳು ಹೇಗಿರಬೇಕೆಂದು ಹೇಳುವ ಪ್ರಮಾಣಗ್ರಂಥವನ್ನು ಹೊರತರುವುದು ಅದರ ಕೆಲಸ. ಔಷಧ ತುಂಬಿದ ಸೀಸೆಯ ರಬ್ಬರ್ ಬಿರಡೆಗೂ ಆ ಗ್ರಂಥದಲ್ಲಿ ಪರೀಕ್ಷೆಗಳುಂಟು. ಚುಚ್ಚುಮದ್ದಿನ ಸೀಸೆಯ ನೆತ್ತಿಯನ್ನು ನೋಡಿದವರಿಗೆ ಗೊತ್ತು: ಮೇಲೆ ಅಲ್ಯುಮಿನಿಯಂ ಟೋಪಿ, ಅದರಡಿ ಬೂದು ಬಿರಡೆ. ಟೋಪಿ ಮೊಹರು, ಒಮ್ಮೆ ಎದ್ದರೆ ಮತ್ತೆ ಕೂರದು. ಬಿರಡೆ ತಡೆ. ಅದು ಸಾಮಾನ್ಯವಾಗಿ ಕ್ಲೋರಿನ್ ಅಥವಾ ಬ್ರೋಮಿನ್ ಸೇರಿದ ಬ್ಯೂಟೈಲಿನದು.

ಬಿರಡೆಯಿಂದ ಕೇಳುವ ಕೆಲಸವೂ ವಿಚಿತ್ರವೇ. ಗಾಳಿಯನ್ನೂ ತೇವವನ್ನೂ ಬಿಡಬಾರದು, ಸೂಜಿಯನ್ನು ಮಾತ್ರ ಬಿಡಬೇಕು, ಸೂಜಿ ಹೊರಬಂದ ಮೇಲೆ ತೂತನ್ನು ತಾನೇ ಮುಚ್ಚಿಕೊಳ್ಳಬೇಕು. ಇದನ್ನು ಪರೀಕ್ಷಿಸುವ ಬಗೆ ಸರಳವಾಗಿದೆ, ಚೆಲುವಾಗಿಯೂ ಇದೆ. ನೀರು ತುಂಬಿದ ಹತ್ತು ಸೀಸೆಗಳ ಬಿರಡೆಗಳನ್ನು ಒಂದೊಂದನ್ನೂ ಹತ್ತು ಸಲ ಸೂಜಿಯಿಂದ ಚುಚ್ಚುತ್ತಾರೆ. ಅವನ್ನು ಮೆಥಿಲೀನ್ ಬ್ಲೂ ಎಂಬ ನೀಲಿ ದ್ರಾವಣದಲ್ಲಿ ಮುಳುಗಿಸಿ, ಹೊರಗಿನ ಒತ್ತಡವನ್ನು 27 ಕಿಲೊಪಾಸ್ಕಲ್‌ನಷ್ಟು ಇಳಿಸಿ ಹತ್ತು ನಿಮಿಷ ಬಿಡುತ್ತಾರೆ. ಒತ್ತಡವನ್ನು ಮೊದಲಿನಂತಾಗಿಸಿ ಮತ್ತೆ ಅರ್ಧ ಗಂಟೆ. ಹೊರತೆಗೆದು ತೊಳೆದು ನೋಡಿದಾಗ ಒಂದು ಸೀಸೆಯಲ್ಲೂ ನೀಲಿಯ ಛಾಯೆ ಇರಕೂಡದು. ಸೂಜಿ ಚುಚ್ಚಿದಾಗ ರಬ್ಬರಿನ ಚೂರು ಎಷ್ಟು ಉದುರುತ್ತದೆ ಎಂಬುದಕ್ಕೂ ಬೇರೆ ಎಣಿಕೆಯುಂಟು; ಉದುರಿದ ಚೂರು ಹೋಗಿ ಸೇರುವುದು ಔಷಧಕ್ಕೇ ತಾನೆ.

ದಡಾರದ ಲಸಿಕೆಯಂಥವು ಪುಡಿಯ ರೂಪದಲ್ಲಿ ಬರುತ್ತವೆ. ಘನೀಕರಿಸಿ ನಿರ್ವಾತದಲ್ಲಿ ಒಣಗಿಸಿದ ಪುಡಿ. ಒಣಗುವಾಗ ಬಿರಡೆ ಸೀಸೆಯ ಬಾಯಲ್ಲಿ ಅರ್ಧ ಮಾತ್ರ ಕೂತಿರುತ್ತದೆ, ಅದರ ಕಾಲಿನ ಸೀಳಿನಿಂದ ನೀರಾವಿ ಹೊರಹೋಗುತ್ತದೆ. ಒಣಗಿದ ಮೇಲೆ ಯಂತ್ರದೊಳಗಿನ ತಟ್ಟೆಗಳೇ ಕೆಳಗಿಳಿದು ಬಿರಡೆಗಳನ್ನು ಒಟ್ಟಿಗೆ ಒತ್ತಿ ಕೂರಿಸುತ್ತವೆ. ಇಷ್ಟೆಲ್ಲ ಆದ ಮೇಲೂ ಕೆಲವೊಮ್ಮೆ ಪುಡಿ ತಿಂಗಳುಗಳಲ್ಲಿ ತೇವಗೊಂಡದ್ದುಂಟು. ಹೊರಗಿನಿಂದ ಏನೂ ಬಂದಿರಲಿಲ್ಲ. ಬಿರಡೆಯನ್ನು ಹಬೆಯಲ್ಲಿ ಬೇಯಿಸಿ ಶುದ್ಧಿ ಮಾಡಿದಾಗ ಅದು ತಾನೇ ಒಂದಿಷ್ಟು ನೀರು ಕುಡಿದಿತ್ತು, ಆಮೇಲೆ ನಿಧಾನವಾಗಿ ಪುಡಿಗೆ ಬಿಟ್ಟುಕೊಟ್ಟಿತ್ತು. ಕಾವಲುಗಾರನ ಜೇಬನ್ನೂ ತಡವಬೇಕೆಂದು ಔಷಧ ತಯಾರಕರು ಕಲಿತದ್ದು ಹೀಗೆ. ಈಗ ಬಿರಡೆಗಳನ್ನು ತೊಳೆದು ಬೇಯಿಸಿದ ಮೇಲೆ ಗಂಟೆಗಟ್ಟಲೆ ಒಣಗಿಸುವುದೇ ಒಂದು ಪ್ರತ್ಯೇಕ ಹಂತ.

ಇಷ್ಟು ಬೇಕಾದ ಸರಕನ್ನು ಭಾರತ ಬಹುಕಾಲ ಹೊರಗಿನಿಂದಲೇ ತರಿಸಿಕೊಳ್ಳುತ್ತಿತ್ತು. ರಾಜಧಾನಿ ವಲಯಕ್ಕೆ ಸೇರಿದ ಪಾಣಿಪತ್‌ನಲ್ಲಿ 2013ರಲ್ಲಿ ಕೃತಕ ರಬ್ಬರಿನ ಕಾರ್ಖಾನೆ ಆರಂಭವಾಯಿತು. ಅದು ಸ್ಟೈರೀನ್-ಬ್ಯೂಟಡೈಯೀನ್ ರಬ್ಬರು. ಟಯರಿನ ಹೊರಮೈಗೆ ಹೇಳಿಮಾಡಿಸಿದ್ದು, ಹೆಸರಿನಲ್ಲಿ ‘ಬ್ಯೂ’ ಇದೆಯೆಂದು ಬ್ಯೂಟೈಲ್ ಆಗುವುದಿಲ್ಲ. ಬ್ಯೂಟೈಲಿಗಾಗಿ ರಿಲಯನ್ಸ್ ಮತ್ತು ರಷ್ಯದ ಸಿಬುರ್ ಕಂಪನಿಗಳು 2012ರಲ್ಲಿ ಒಪ್ಪಂದ ಮಾಡಿಕೊಂಡವು. ಕಾರ್ಖಾನೆ ಗುಜರಾತಿನ ಜಾಮ್‌ನಗರದಲ್ಲಿ. ಸೊನ್ನೆಗಿಂತ ನೂರು ಡಿಗ್ರಿ ಕೆಳಗಿನ ಚಳಿ, ಶುದ್ಧ ಐಸೊಬ್ಯೂಟಿಲೀನ್, ಗುಟ್ಟಾಗಿಟ್ಟ ತಂತ್ರಜ್ಞಾನ, ಮೂರೂ ಒಟ್ಟಿಗೆ ಬೇಕಾದ ಈ ಕಸುಬಿಗೆ ಜಗತ್ತಿನಲ್ಲಿ ಕೈಹಾಕಿದವರು ಬೆರಳೆಣಿಕೆಯಷ್ಟು.

ಬ್ಯೂಟೈಲಿಗೂ ಒಂದು ದೌರ್ಬಲ್ಯವಿದೆ. ಅದು ಪೆಟ್ರೋಲಿಯಮ್ಮಿನ ಕೂಸು, ತವರಿನವರನ್ನು ಕಂಡರೆ ಕರಗುತ್ತದೆ. ನೀರು, ಮದ್ಯಸಾರ, ಹಲವು ಆಮ್ಲಗಳ ಮುಂದೆ ಜಗ್ಗದ ರಬ್ಬರು ಪೆಟ್ರೋಲ್, ಡೀಸೆಲ್, ಖನಿಜ ತೈಲಗಳನ್ನು ಹೀರಿಕೊಂಡು ಊದಿಕೊಳ್ಳುತ್ತದೆ. ಹೆಣಿಗೆಯಿಲ್ಲದ ಜಿಗುಟು ಬ್ಯೂಟೈಲಾದರೆ ಕರಗಿ ಹರಿದೇ ಹೋಗುತ್ತದೆ. ಎಂಜಿನ್ನಿನ ತೈಲದ ಬಳಿ ನೈಟ್ರೈಲ್ ರಬ್ಬರನ್ನು ಬಳಸುವುದು ಇದಕ್ಕೇ.

ಗುರುಗ್ರಾಮದ ಆ ಕಿಟಕಿಯ ಮೂಲೆಗೆ ಈಗ ಹೋಗಬಹುದು. ಮನೆಯ ಹತ್ತಿರ ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ. ಆದರೆ ಹಿಂದಿನ ಮಳೆಗಾಲದಲ್ಲಿ ಚೌಕಟ್ಟಿನ ಅಂಚಿನಿಂದ ನೀರು ಜಿನುಗಿದಾಗ ಕಾರ್ಪೆಂಟರ್ ಒಬ್ಬ ಬಂದು, ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಸಿಲಿಕೋನ್ ಟ್ಯೂಬನ್ನು ಗನ್ನಿಗೆ ಹಾಕಿ ಸುತ್ತಲೂ ಮೆತ್ತಿ ಹೋಗಿದ್ದ. ನೀರು ನಿಂತಿತು, ಮನೆಯವರು ಸಮಾಧಾನಪಟ್ಟರು. ಅಗ್ಗದ ಸಿಲಿಕೋನುಗಳಲ್ಲಿ ಕೆಲವಕ್ಕೆ ಬೆಲೆ ಇಳಿಸಲು ಖನಿಜ ತೈಲ ಬೆರೆಸಿರುತ್ತಾರೆ. ಆ ತೈಲ ಸಿಲಿಕೋನಿನಲ್ಲಿ ನಿಲ್ಲದೆ ಒಸರುತ್ತ ಗಾಜಿನ ಅಂಚಿಗೆ ಇಳಿಯುತ್ತದೆ, ಕಪ್ಪು ಎಳೆಯನ್ನು ಮುಟ್ಟುತ್ತದೆ. ಎಳೆ ಮೆತ್ತಗಾಗಿ ಕಾಡಿಗೆಯಂತೆ ಜಾರುತ್ತದೆ, ತೇವಕ್ಕೆ ದಾರಿ ಬಿಡುತ್ತದೆ. ಪಟ್ಟಿಯೊಳಗಿನ ಗುಳಿಗೆಗಳು ತಿಂಗಳುಗಟ್ಟಲೆ ಆ ತೇವವನ್ನು ಹೀರಿ ವಿಷಯವನ್ನು ಮುಚ್ಚಿಡುತ್ತವೆ. ಅವುಗಳ ಹೊಟ್ಟೆ ತುಂಬಿದ ಮೊದಲ ಚಳಿಗಾಲದಲ್ಲಿ ಗಾಜಿನ ನಡುವೆ ಮಂಜು ಕೂರುತ್ತದೆ. ಆ ಹೊತ್ತಿಗೆ ಕಾರ್ಪೆಂಟರನ ಭೇಟಿ ಯಾರ ನೆನಪಿನಲ್ಲೂ ಇರುವುದಿಲ್ಲ, ಬೈಗುಳವೆಲ್ಲ ಗಾಜು ಮಾಡಿದವನಿಗೆ.

ತೈಲ ಬೆರೆತಿದೆಯೇ ಎಂದು ನೋಡಲು ಗಾಜಿನ ಕೆಲಸದವರು ಮಾಡುವ ಪರೀಕ್ಷೆಗೆ ಪ್ರಯೋಗಾಲಯ ಬೇಡ. ತೆಳು ಪಾಲಿಥೀನ್ ಹಾಳೆಯ ಮೇಲೆ ಸಿಲಿಕೋನನ್ನು ಬೆರಳಗಲ ಹಚ್ಚಿ ಒಂದು ದಿನ ಬಿಡುತ್ತಾರೆ. ತೈಲವಿಲ್ಲದಿದ್ದರೆ ಹಾಳೆ ಇದ್ದ ಹಾಗೇ ಚಪ್ಪಟೆಯಾಗಿರುತ್ತದೆ. ಇದ್ದರೆ ಮಾರನೆಯ ದಿನ, ಹಚ್ಚಿದಷ್ಟು ಜಾಗದಲ್ಲಿ, ಹಾಳೆ ಕೆಂಡದ ಮೇಲಿನ ಹಪ್ಪಳದಂತೆ ಸುಕ್ಕುಗಟ್ಟಿರುತ್ತದೆ.